ರೂಟರ್ ಸತ್ತದ್ದು ಯಾವ ತಿಂಗಳಲ್ಲಿ?

ಕೊಡಗಿನಲ್ಲಿ ಯಾರಾದರೂ ವೈಫೈ ಪೆಟ್ಟಿಗೆ ಕೆಟ್ಟುಹೋಯಿತು ಎಂದರೆ ಕಂಪನಿಯ ಹೆಸರನ್ನು ಆಮೇಲೆ ಕೇಳಿದರಾಯಿತು, ಮೊದಲು ತಿಂಗಳು ಕೇಳಬೇಕು. ಕಾಫಿಗೆ ಹೂಮಳೆ ಬೀಳುವ ಮಾರ್ಚ್–ಏಪ್ರಿಲ್‌ನಿಂದ ಮುಂಗಾರು ಹಿಡಿಯುವವರೆಗೆ ಹೋಗುವ ರೂಟರುಗಳು ಹೆಚ್ಚಾಗಿ ಸಿಡಿಲಿನ ಲೆಕ್ಕಕ್ಕೆ ಸೇರುತ್ತವೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು, ತಂತಿ ಹರಿದು, ಕರೆಂಟ್ ಹೋಗಿ ಬಂದು ಮತ್ತೆ ಹೋಗುವ ಗಲಾಟೆಗೆ ಬಲಿಯಾಗುವವೇ ಜಾಸ್ತಿ, ಜೊತೆಗೆ ಥಂಡಿ. ತುಲಾ ಸಂಕ್ರಮಣದ ಹೊತ್ತಿಗೆ ಹಿಂಗಾರಿನ ಸಂಜೆ ಮಳೆಯೊಂದಿಗೆ ಸಿಡಿಲು ಮರಳುತ್ತದೆ. ಹುತ್ತರಿ ಕಳೆದು, ಆಕಾಶ ತಿಳಿಯಾಗಿ, ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ರೂಟರ್ ಸತ್ತರೆ ಅದನ್ನು ಸಹಜ ಸಾವು ಎನ್ನಬಹುದು. ಒಳಗಿನ ಯಾವುದೋ ಬಿಡಿಭಾಗಕ್ಕೆ ವಯಸ್ಸಾಗಿದೆ ಅಷ್ಟೆ.

ಈ ಕ್ಯಾಲೆಂಡರನ್ನು ನೋಡದೆ ಪೆಟ್ಟಿಗೆಯನ್ನೇ ಬೈಯುವುದು ನಮ್ಮಲ್ಲಿ ರೂಢಿ. ‘ಈ ಕಂಪನಿಯದು ಬಾಳಿಕೆ ಬರಲ್ಲ’ ಎಂದು ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗಿ ಇನ್ನೊಂದು ಬ್ರ್ಯಾಂಡ್ ತರುತ್ತೇವೆ. ಅದನ್ನು ಅದೇ ಸಾಕೆಟ್ಟಿಗೆ ಸಿಕ್ಕಿಸುತ್ತೇವೆ. ಮುಂದಿನ ವರ್ಷ ಅದೂ ಹೋಗುತ್ತದೆ. ನಾನು ಹೇಳುವುದಿಷ್ಟೆ: ಒಂದೇ ಮನೆಯಲ್ಲಿ ಎರಡನೇ ರೂಟರ್ ಹೋದರೆ, ಮೂರನೆಯದಕ್ಕೆ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಇಂಟರ್‌ನೆಟ್ ಇಲ್ಲಿ ಶೋಕಿಯಾಗಿ ಉಳಿದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹಿಡಿದು ತೋಟದ ಮನೆಗೆ ಬಂದವರಲ್ಲಿ ಕೆಲವರು ಇನ್ನೂ ಇಲ್ಲೇ ಇದ್ದಾರೆ. ಶನಿವಾರಸಂತೆ ಬಳಿಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕ ಸಿ.ಎಸ್. ಸತೀಶ್, ಸಿಗ್ನಲ್ ಸಿಗದೆ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಮಕ್ಕಳಿಗೆ ಆನ್‌ಲೈನ್ ಪಾಠ ಮಾಡಿದ್ದು 2021ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೋಮ್‌ಸ್ಟೇಗೆ ಬರುವ ಅತಿಥಿಗಳಂತೂ ಬಿಸಿನೀರಿಗಿಂತ ಮೊದಲು ಪಾಸ್‌ವರ್ಡ್ ಕೇಳುತ್ತಾರೆ. ಮೊಬೈಲ್ ಟವರ್ ದೂರವಿರುವ ಕಣಿವೆಯ ಮನೆಗಳಲ್ಲಿ ಫೋನ್ ಕರೆಯೂ ವೈಫೈ ಮೂಲಕವೇ ಹೋಗುವುದರಿಂದ ಪೆಟ್ಟಿಗೆ ಸತ್ತರೆ ಆಂಬುಲೆನ್ಸ್ ಕರೆಯುವುದೂ ಕಷ್ಟ.

ಸಿಡಿಲಿನಿಂದಲೇ ಶುರುಮಾಡೋಣ. ಮುಂಗಾರಿನ ಜಡಿಮಳೆಯಲ್ಲಿ ಗುಡುಗು ಕಡಿಮೆ. ಸಿಡಿಲು ಹುಟ್ಟುವುದು ಬಿಸಿಲಿಗೆ ಕಾದ ನೆಲದಿಂದ ಮಧ್ಯಾಹ್ನ ಎದ್ದು, ಹತ್ತು ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಬೆಳೆಯುವ ಮೋಡಗಳಲ್ಲಿ. ಆ ಮೋಡಗಳ ಕಾಲ ಏಪ್ರಿಲ್, ಮೇ ಮತ್ತು ಅಕ್ಟೋಬರ್. ಸಾಧಾರಣ ಸಿಡಿಲೊಂದರಲ್ಲಿ ಸುಮಾರು 30,000 ಆಂಪಿಯರ್ ವಿದ್ಯುತ್ ಕಣ್ಣು ಮಿಟುಕಿಸುವುದರೊಳಗೆ ಹರಿದು ಮುಗಿಯುತ್ತದೆ. ಅದು ಮನೆಗೇ ಹೊಡೆಯಬೇಕಾಗಿಲ್ಲ. ದಿಣ್ಣೆಯ ಮೇಲಿನ ಸಿಲ್ವರ್ ಓಕ್‌ಗೆ ಬಿದ್ದರೂ ಆ ಕ್ಷಣದಲ್ಲಿ ಏಳುವ ಕಾಂತಕ್ಷೇತ್ರ ಸುತ್ತಲಿನ ಪ್ರತಿಯೊಂದು ಉದ್ದ ತಂತಿಯಲ್ಲೂ ಸಾವಿರಾರು ವೋಲ್ಟನ್ನು ಹುಟ್ಟಿಸಬಲ್ಲದು. ಕಂಬದ ಕರೆಂಟ್ ತಂತಿ, ಹಳೆಯ ಟೆಲಿಫೋನ್ ತಂತಿ, ಡಿಟಿಎಚ್ ಡಿಶ್‌ನಿಂದ ಇಳಿಯುವ ಕೇಬಲ್ ಯಾವುದನ್ನೂ ಅದು ಬಿಡುವುದಿಲ್ಲ. ಇತ್ತ ರೂಟರಿನೊಳಗಿನ ಚಿಪ್‌ಗಳು ಕೆಲಸ ಮಾಡುವುದು 3.3 ವೋಲ್ಟ್ ಅಥವಾ ಅದಕ್ಕೂ ಕಡಿಮೆಯಲ್ಲಿ.

ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನಿನ ತಾಮ್ರದ ಜೋಡಿ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುತ್ತಿದ್ದ ಕಾಲದಲ್ಲಿ ‘ಸಿಡಿಲಿಗೆ ಮೋಡೆಮ್ ಹೋಯ್ತು’ ಎಂಬ ಮಾತು ಸಾಮಾನ್ಯವಾಗಿತ್ತು. ತೋಟದಿಂದ ತೋಟಕ್ಕೆ ಕಿಲೋಮೀಟರುಗಟ್ಟಲೆ ಎಳೆದ ಆ ತಂತಿ ಸಿಡಿಲು ಹಿಡಿಯಲೆಂದೇ ಕಟ್ಟಿದ ಬಲೆಯಂತಿತ್ತು. ಫೈಬರ್ ಬಂದ ಮೇಲೆ ಆ ದಾರಿ ಬಹುಮಟ್ಟಿಗೆ ಮುಚ್ಚಿತು. ಗಾಜಿನ ಎಳೆಯಲ್ಲಿ ಬೆಳಕು ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಆದರೆ ಕಂಬದಿಂದ ಮನೆಗೆ ತೂಗುಬಿಡುವ ಚಪ್ಪಟೆ ಫೈಬರ್ ಕೇಬಲ್‌ನ ಪಕ್ಕದಲ್ಲಿ, ಭಾರ ಹೊರಲೆಂದು, ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗಿನ ಕೊಕ್ಕೆಗೆ ಬಿಗಿದು ಅಲ್ಲೇ ಕತ್ತರಿಸಿ, ಒಳಗೆ ಗಾಜಿನ ಎಳೆಯನ್ನಷ್ಟೇ ತರಬೇಕು. ಅವಸರದಲ್ಲಿ ಕನೆಕ್ಷನ್ ಕೊಟ್ಟು ಹೋದವರು ಉಕ್ಕಿನ ತಂತಿಯ ಸಮೇತ ಪೆಟ್ಟಿಗೆಯ ಬುಡದವರೆಗೆ ಎಳೆದಿದ್ದರೆ, ಫೈಬರ್ ಇದ್ದೂ ಸಿಡಿಲಿಗೆ ಬಾಗಿಲು ತೆರೆದಿಟ್ಟ ಹಾಗೆಯೇ.

ಕೊಡಗಿನ ಮನೆಗಳಲ್ಲಿ ಇನ್ನೊಂದು ಬಾಗಿಲಿದೆ, ಹೆಚ್ಚಿನವರು ಅದನ್ನು ಗಮನಿಸುವುದಿಲ್ಲ. ಇಲ್ಲಿ ಮನೆ ಎಂದರೆ ಒಂದೇ ಕಟ್ಟಡವಲ್ಲ. ದೊಡ್ಡ ಮನೆ, ಕಾಫಿ ಗೋದಾಮು, ಹೋಮ್‌ಸ್ಟೇ ಕಾಟೇಜು, ಗೇಟಿನ ಹತ್ತಿರ ಸಿಸಿಟಿವಿ. ಇವನ್ನೆಲ್ಲ ಜೋಡಿಸಲು ಮರದಿಂದ ಮರಕ್ಕೆ ನೀಲಿ ಲ್ಯಾನ್ ಕೇಬಲ್ ಎಳೆದಿರುತ್ತಾರೆ. ಅದು ಅಪ್ಪಟ ತಾಮ್ರ. ರೂಟರಿನ ಲ್ಯಾನ್ ಪೋರ್ಟಿನೊಳಗೆ 1,500 ವೋಲ್ಟ್ ತಡೆಯಬಲ್ಲ ಪುಟ್ಟ ಟ್ರಾನ್ಸ್‌ಫಾರ್ಮರ್ ಇರುವುದು ನಿಜ. ಹತ್ತಿರದ ಸಿಡಿಲಿನ ಮುಂದೆ ಅದು ಏನೂ ಅಲ್ಲ. ಹೀಗಾಗಿ ಸತ್ತ ಪೆಟ್ಟಿಗೆಯನ್ನು ಎಸೆಯುವ ಮುನ್ನ ಸ್ವಲ್ಪ ಪತ್ತೇದಾರಿ ಮಾಡುವುದು ಒಳ್ಳೆಯದು. ದೀಪ ಉರಿಯುತ್ತಿದೆ, ವೈಫೈ ಸಿಗುತ್ತಿದೆ, ಕಾಟೇಜಿಗೆ ಹೋದ ಲ್ಯಾನ್ ಪೋರ್ಟ್ ಮಾತ್ರ ಸತ್ತಿದೆ ಎಂದರೆ ಏಟು ಬಂದದ್ದು ಆ ನೀಲಿ ತಂತಿಯಲ್ಲಿ. ಪೆಟ್ಟಿಗೆ ಚೆನ್ನಾಗಿದ್ದು ಅಡಾಪ್ಟರ್ ಸುಟ್ಟಿದ್ದರೆ ಬಂದದ್ದು ಕರೆಂಟಿನ ದಾರಿಯಲ್ಲಿ. ಕಟ್ಟಡದಿಂದ ಕಟ್ಟಡಕ್ಕೆ ಲ್ಯಾನ್ ಕೇಬಲ್ ಬದಲು ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಇಟ್ಟರೆ ಈ ಕಾಯಿಲೆಗೆ ಹೆಚ್ಚುಕಡಿಮೆ ಶಾಶ್ವತ ಮದ್ದು. ವರ್ಷಕ್ಕೊಂದು ರೂಟರ್, ಒಂದು ಕ್ಯಾಮೆರಾ ಡಿವಿಆರ್ ಬದಲಿಸುವವರಿಗೆ ಇದು ದುಬಾರಿಯಲ್ಲ.

ಪ್ಲಗ್ ಕೀಳುವುದಂತೂ ಹಳೆಯ, ಪುಕ್ಕಟೆ ಉಪಾಯ. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚಿನೊಳಗಿನ ಸಣ್ಣ ಅಂತರವನ್ನು ಸಿಡಿಲು ಸಲೀಸಾಗಿ ಜಿಗಿಯುತ್ತದೆ. ಆದರೆ ಕೀಳುವುದು ಮೋಡ ಕವಿಯುವ ಮುಂಚೆ ಆಗಬೇಕು. ತಲೆಯ ಮೇಲೆ ಗುಡುಗುತ್ತಿರುವಾಗ ತಂತಿ ಮುಟ್ಟುವುದು ರೂಟರಿಗೋಸ್ಕರ ಜೀವ ಪಣಕ್ಕಿಟ್ಟಂತೆ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡ್ ಅಂತರವಿದ್ದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಆ ಹೊತ್ತಿಗೆ ಕೈಕಟ್ಟಿ ಕೂರುವುದೇ ಸರಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮುಂಚಿತವಾಗಿ ಎಚ್ಚರಿಸುತ್ತವೆ. ಪ್ಲಗ್ ಕಿತ್ತ ಮೇಲೆ ಆ ಎಚ್ಚರಿಕೆ ಮೊಬೈಲ್ ಡೇಟಾದಲ್ಲೇ ಬರಬೇಕು, ಇರಲಿ.

ಸಿಡಿಲಿಗೆ ಹೆಸರಿದೆ, ಸದ್ದಿದೆ. ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟುವುದು ಸುಲಭ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಕೊಲೆಗಾರ ಸದ್ದಿಲ್ಲದ ನ್ಯೂಟ್ರಲ್. ಟ್ರಾನ್ಸ್‌ಫಾರ್ಮರ್‌ನಿಂದ ಹೊರಡುವುದು ಮೂರು ಫೇಸ್, ಒಂದು ನ್ಯೂಟ್ರಲ್. ಒಂದೊಂದು ಮನೆಗೆ ಒಂದು ಫೇಸ್ ಮತ್ತು ನ್ಯೂಟ್ರಲ್ ಕೊಡುತ್ತಾರೆ. ಅವೆರಡರ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆ ಮಾತ್ರ 400 ವೋಲ್ಟ್. ಈಗ ಜುಲೈ ತಿಂಗಳ ಗಾಳಿಗೆ ಕೊಂಬೆಯೊಂದು ಬಿದ್ದು ನ್ಯೂಟ್ರಲ್ ಮಾತ್ರ ಹರಿಯಿತೆನ್ನಿ. ಅಥವಾ ಆನೆ ಬೈನೆ ಮರವನ್ನು ಬೀಳಿಸುವ ಭರದಲ್ಲಿ ಅದನ್ನು ಲೈನಿನ ಮೇಲೆಯೇ ಕೆಡವಿತೆನ್ನಿ. ಫೇಸ್‌ಗಳು ಜೀವಂತವಾಗಿವೆ, ಹಿಂದಿರುಗುವ ದಾರಿ ಇಲ್ಲ. ಆಗ ನಿಮ್ಮ ಮನೆಯೂ ಬೇರೆ ಫೇಸಿನಲ್ಲಿರುವ ಪಕ್ಕದ ಮನೆಯೂ 400 ವೋಲ್ಟಿಗೆ ಸಾಲಾಗಿ ಪೋಣಿಸಿದಂತಾಗುತ್ತವೆ. ಅವರ ಮನೆಯಲ್ಲಿ ಗೀಸರ್ ಓಡುತ್ತಿದ್ದು ನಿಮ್ಮಲ್ಲಿ ಒಂದು ಬಲ್ಬು, ಒಂದು ರೂಟರ್ ಮಾತ್ರ ಇದ್ದರೆ, ಬಹುಪಾಲು ವೋಲ್ಟೇಜ್ ಬಂದು ಬೀಳುವುದು ನಿಮ್ಮ ಪಾಲಿಗೆ.

ಅಡಾಪ್ಟರ್ ಮೇಲಿನ ಚಿಕ್ಕ ಅಕ್ಷರಗಳಲ್ಲಿ ‘100–240 ವೋಲ್ಟ್’ ಎಂದಿರುತ್ತದೆ. ಒಳಗೆ ಮೊದಲು ಎದುರಾಗುವ ದೊಡ್ಡ ಕೆಪಾಸಿಟರ್ ಸಾಮಾನ್ಯವಾಗಿ 400 ವೋಲ್ಟ್ ಡಿಸಿ ತಡೆಯುವಂಥದ್ದು. ಮಾಮೂಲಿ 230 ವೋಲ್ಟ್ ಎಸಿ ಅದರ ಮೇಲೆ ಸುಮಾರು 325 ವೋಲ್ಟ್ ಡಿಸಿಯಾಗಿ ಕೂರುತ್ತದೆ, ತೊಂದರೆಯಿಲ್ಲ. ಒಳಬರುವುದು 400 ಎಸಿ ಆದರೆ ಅಲ್ಲಿ 565 ವೋಲ್ಟ್. ‘ಟಪ್’ ಎಂಬ ಸದ್ದು, ಮೀನು ಕೊಳೆತಂಥ ವಾಸನೆ, ಕಥೆ ಮುಗಿಯಿತು. ಒಂದೇ ಸಂಜೆ ರೂಟರ್, ಟಿವಿ, ಎಲ್‌ಇಡಿ ಬಲ್ಬು, ಫ್ರಿಜ್ ಎಲ್ಲವೂ ಒಟ್ಟಿಗೆ ಹೋದ ಮನೆಗಳಲ್ಲಿ ಹುಡುಕಬೇಕಾದದ್ದು ಇದನ್ನೇ. ಬಲ್ಬುಗಳು ಕೆಲವು ಕೋಣೆಗಳಲ್ಲಿ ಮಿಣಮಿಣ, ಕೆಲವದರಲ್ಲಿ ಕಣ್ಣು ಕುಕ್ಕುವಷ್ಟು ಪ್ರಖರ ಆಗತೊಡಗಿದರೆ ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಿ 1912ಕ್ಕೆ ಕರೆ ಮಾಡಬೇಕು. ನ್ಯೂಟ್ರಲ್ ಕಂಬದಲ್ಲೇ ಹರಿಯಬೇಕೆಂದೂ ಇಲ್ಲ. ಮೂರು ಫೇಸ್ ಸಂಪರ್ಕ ಇರುವ ದೊಡ್ಡ ಮನೆಗಳಿಗೆ ಈ ಅಪಾಯ ಮನೆಯೊಳಗೇ ಇದೆ. ಮೂರು ಫೇಸ್ ಸಂಪರ್ಕ ಇರುವ ದೊಡ್ಡ ಮನೆಗಳಿಗೆ ಈ ಅಪಾಯ ಮನೆಯೊಳಗೇ ಇದೆ.

ಕಡಿಮೆ ವೋಲ್ಟೇಜಿನ ವಿಷಯದಲ್ಲಿ ಮಾತ್ರ ಜನರ ಭಯ ಅತಿಯಾಯಿತು ಅನ್ನಿಸುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ರೊಬಸ್ಟಾ ತೋಟಗಳಿಗೆ ಸ್ಪ್ರಿಂಕ್ಲರ್ ಹಾಕುವಾಗ ಊರಿನ ಪಂಪ್‌ಗಳೆಲ್ಲ ಒಟ್ಟಿಗೆ ಎಳೆದು ದೀಪ ಮಂಕಾಗುತ್ತದೆ. ಆ ಮಂಕಿಗೆ ಫ್ರಿಜ್ ನರಳುತ್ತದೆ, ಮೋಟರ್ ನರಳುತ್ತದೆ. ರೂಟರಿನ ಅಡಾಪ್ಟರ್ 150 ವೋಲ್ಟಿನಲ್ಲೂ ತನ್ನ 12 ವೋಲ್ಟನ್ನು ಕೊಡುತ್ತಲೇ ಇರುತ್ತದೆ, ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ ಅಷ್ಟೆ. ಅದಕ್ಕಾಗಿ ಸ್ಟೆಬಿಲೈಸರ್ ಕೊಳ್ಳುವುದು ವ್ಯರ್ಥ. ಬೇಕಾಗಿರುವುದು ವೋಲ್ಟೇಜ್ ಮೇಲೇರಿದಾಗ ಕತ್ತರಿಸುವ ಸಾಧನ. ಮೀಟರ್ ಬೋರ್ಡಿನ ಪಕ್ಕದಲ್ಲಿ ಕೂರಿಸುವ, ವೋಲ್ಟೇಜ್ ಮಿತಿ ಮೀರಿದರೆ ಇಡೀ ಮನೆಯ ಸಂಪರ್ಕ ತಪ್ಪಿಸಿ, ಸರಿಹೋದ ಕೆಲವು ನಿಮಿಷಗಳ ನಂತರ ಮತ್ತೆ ಕೊಡುವ ರಿಲೇ ಈಗ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕರೆಂಟ್ ಬಂದ ತಕ್ಷಣದ ಏರಿಳಿತವನ್ನೂ ಅದೇ ನುಂಗಿಕೊಳ್ಳುತ್ತದೆ. ಅದು ಇಲ್ಲದವರು ಕರೆಂಟ್ ಹೋದಾಗ ರೂಟರಿನ ಪ್ಲಗ್ ಕಿತ್ತು, ಬಂದು ಐದು ನಿಮಿಷ ನಿಂತ ಮೇಲೆ ಹಾಕಬಹುದು. ಕಕ್ಕಡ ಮಾಸದ ಮಳೆಯಲ್ಲಿ ಪವರ್‌ಮ್ಯಾನ್‌ಗಳು ಕಂಬ ಹತ್ತಿ ಲೈನ್ ಸರಿಮಾಡಿ ಚಾರ್ಜ್ ಮಾಡುವಾಗ, ಇನ್ನೊಂದು ಕಡೆ ಮರ ತಾಗಿದ್ದರೆ ಅದು ಮತ್ತೆ ಟ್ರಿಪ್ ಆಗುವುದು ಮಾಮೂಲು. ಹೋಗಿ ಬರುವ ಆ ಹತ್ತು ನಿಮಿಷ ಪೆಟ್ಟಿಗೆ ದೂರವಿರುವುದೇ ಕ್ಷೇಮ.

ಸ್ಪೈಕ್ ಗಾರ್ಡ್ ಇದೆಯಲ್ಲ ಎನ್ನುವವರಿಗೆ ಒಂದು ಪ್ರಶ್ನೆ: ನಿಮ್ಮ ಸಾಕೆಟ್ಟಿನ ಮೂರನೇ ತೂತಿನ ಹಿಂದೆ ತಂತಿ ಇದೆಯೇ? ಒಳ್ಳೆಯ ಸ್ಪೈಕ್ ಗಾರ್ಡಿನಲ್ಲಿರುವ ವ್ಯಾರಿಸ್ಟರ್ ಎಂಬ ಬಿಲ್ಲೆ ಹೆಚ್ಚುವರಿ ವೋಲ್ಟೇಜನ್ನು ನೆಲಕ್ಕೆ ಹರಿಸಬೇಕು. ನೆಲವೇ ಇಲ್ಲದಿದ್ದರೆ ಎಲ್ಲಿಗೆ ಹರಿಸೀತು? ಹಳೆಯ ಐನ್‌ಮನೆಗಳಲ್ಲಿ, ಮರದ ಪಟ್ಟಿಯ ಮೇಲೆ ವೈರಿಂಗ್ ಮಾಡಿದ ಕಾಲದ ಬಂಗಲೆಗಳಲ್ಲಿ ಮೂರನೇ ತೂತು ಎಷ್ಟೋ ಕಡೆ ಅಲಂಕಾರಕ್ಕೆ ಇದೆ. ಅರ್ಥ್ ಗುಂಡಿ ಇದ್ದಲ್ಲೂ ಬೇಸಿಗೆಯಲ್ಲಿ ಜಂಬಿಟ್ಟಿಗೆ ಮಣ್ಣು, ಬಂಡೆ ನೆಲ ಒಣಗಿ ಪ್ರತಿರೋಧ ಏರಿರುತ್ತದೆ. ಅಂದರೆ ಏಪ್ರಿಲ್‌ನ ಮೊದಲ ಗುಡುಗಿಗೇ ಅದು ಕೈಕೊಡುವ ಸ್ಥಿತಿಯಲ್ಲಿರುತ್ತದೆ. ಹೂಮಳೆಗೆ ಮುಂಚೆ ಗುಂಡಿಗೆ ನೀರು ಸುರಿಯುವ ಹಿರಿಯರ ಅಭ್ಯಾಸ ಮೂಢನಂಬಿಕೆಯಲ್ಲ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಇದೆ ಎಂದು ಅಳೆಯಲು ಹೇಳಿ. ಒಂದೆರಡು ವೋಲ್ಟ್ ಇದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ರೂಟರ್ ಯಾಕೆ ಸಾಯುತ್ತಿತ್ತು ಎಂಬುದಕ್ಕೆ ಅಲ್ಲೇ ಉತ್ತರ ಸಿಕ್ಕಿತು. ವ್ಯಾರಿಸ್ಟರ್ ಕೂಡ ಏಟು ತಿಂದು ತಿಂದು ಸವೆಯುವ ವಸ್ತು. ಹತ್ತು ವರ್ಷದ ಸ್ಪೈಕ್ ಗಾರ್ಡ್ ಬರಿಯ ಎಕ್ಸ್‌ಟೆನ್ಷನ್ ಬಾಕ್ಸ್.

ಇನ್ನು ಸಹಜ ಸಾವು. ಅಡಾಪ್ಟರ್ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನಲ್ಲಿ ದ್ರವವಿರುತ್ತದೆ, ಅದು ನಿಧಾನವಾಗಿ ಆರುತ್ತದೆ. ಸಾಧಾರಣ ದರ್ಜೆಯ ಕೆಪಾಸಿಟರ್‌ಗೆ 105 ಡಿಗ್ರಿ ಬಿಸಿಯಲ್ಲಿ 2,000 ಗಂಟೆ ಆಯುಸ್ಸು. ಪ್ರತಿ ಹತ್ತು ಡಿಗ್ರಿ ತಂಪಿಗೆ ಆಯುಸ್ಸು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರ್‌ಗಳ ಲೆಕ್ಕ. ಅಡಾಪ್ಟರ್ ಒಳಗೆ 65 ಡಿಗ್ರಿ ಇದ್ದರೆ 32,000 ಗಂಟೆ, ಅಂದರೆ ಹಗಲೂ ರಾತ್ರಿ ಓಡಿ ಮೂರೂವರೆ ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಟಿವಿ ಕಪಾಟಿನ ಹಿಂದೆ ಸೆಟ್‌ಟಾಪ್ ಬಾಕ್ಸಿನ ಜೊತೆ ತುರುಕಿ 75 ಡಿಗ್ರಿಗೆ ಏರಿಸಿದರೆ ಎರಡು ವರ್ಷವೂ ಇಲ್ಲ. ಸಾಯುವ ಮುಂಚೆ ಅದು ಸೂಚನೆ ಕೊಡುತ್ತದೆ. ರೂಟರ್ ತನ್ನಷ್ಟಕ್ಕೆ ರೀಸ್ಟಾರ್ಟ್ ಆಗುವುದು, ಸಂಜೆ ಎಲ್ಲರೂ ಮೊಬೈಲ್ ಹಿಡಿದಾಗ ವೈಫೈ ಮಾಯವಾಗುವುದು, ಬೆಳಿಗ್ಗೆ ತಣ್ಣಗಿರುವಾಗ ದೀಪವೇ ಹತ್ತದಿರುವುದು. ಇವನ್ನು ಕಂಡು ‘ರೂಟರ್ ಹೋಯ್ತು’ ಎಂದು ಎಸೆದವುಗಳಲ್ಲಿ ಎಷ್ಟೋ ಪೆಟ್ಟಿಗೆಗಳು ಚೆನ್ನಾಗಿಯೇ ಇದ್ದವು. ಬದಲಿಸಬೇಕಾದದ್ದು ಕೆಲವು ನೂರು ರೂಪಾಯಿಯ ಅಡಾಪ್ಟರ್. ಹೊಸದರಲ್ಲಿ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಪ್ಲಸ್–ಮೈನಸ್ ಚಿತ್ರ ಹೊಂದಬೇಕು. ಭಾರತೀಯ ಮಾನಕದ ಗುರುತೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇಲ್ಲದ್ದನ್ನು ಮುಟ್ಟಬೇಡಿ.

ಥಂಡಿಯ ಕಾಟ ಮಡಿಕೇರಿ, ಭಾಗಮಂಡಲದವರಿಗೆ ಹೆಚ್ಚು, ಕುಶಾಲನಗರದವರಿಗೆ ಕಡಿಮೆ. ಘಟ್ಟದ ಅಂಚಿನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ಪೂರ್ವಕ್ಕೆ ಬರುವಷ್ಟರಲ್ಲಿ ಮಳೆ ಅರ್ಧಕ್ಕಿಂತಲೂ ಇಳಿಯುತ್ತದೆ. ಮನೆಬಳಕೆಯ ರೂಟರುಗಳ ಕೈಪಿಡಿಯಲ್ಲಿ ಗಾಳಿಯ ತೇವಾಂಶ ಶೇ 10ರಿಂದ 90, ಹನಿಗಟ್ಟಬಾರದು ಎಂಬ ಷರತ್ತು ಇರುತ್ತದೆ. ಚಪ್ಪಲಿಗೂ ಬೂಷ್ಟು ಹಿಡಿಯುವ ಜುಲೈ ತಿಂಗಳಿಗೆ ಈ ಷರತ್ತು ಗೊತ್ತಿಲ್ಲ. ಸಮಾಧಾನದ ಸಂಗತಿಯೆಂದರೆ ಓಡುತ್ತಿರುವ ರೂಟರ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ತೊಂದರೆ ಬರುವುದು ವಾರಗಟ್ಟಲೆ ಬೀಗ ಹಾಕಿದ ಮನೆಯಲ್ಲಿ ತಣ್ಣಗೆ ಬಿದ್ದಿದ್ದು ದಿಢೀರನೆ ಆನ್ ಆದಾಗ. ಅಂಥ ಮನೆಯವರು ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟುಹೋಗುವುದು ಲೇಸು. ಇರುವೆಗಳಿಗೂ ಹಲ್ಲಿಗೂ ಇಡೀ ಮನೆಯಲ್ಲಿ ಮಳೆಗಾಲದ ಬೆಚ್ಚನೆಯ ಜಾಗ ಓಡುತ್ತಿರುವ ರೂಟರೇ. ಗಾಳಿಯ ಸೀಳುಗಳನ್ನು ಮುಚ್ಚದೆ, ಸುತ್ತಮುತ್ತ ಸಕ್ಕರೆ ಡಬ್ಬಿ ಇಡದೆ ಇದ್ದರೆ ಸಾಕು.

ಕೆಂಪು ದೀಪ ಮಿನುಗಿದರೆ ಪೆಟ್ಟಿಗೆ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ‘ಎಲ್‌ಒಎಸ್’ ಎಂದು ಬರೆದ ಆ ದೀಪ ಹೇಳುವುದು, ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದು. ಫೈಬರ್ ಎಲ್ಲೋ ತುಂಡಾಗಿದೆ, ಇಲ್ಲವೇ ಮೂಲೆಯಲ್ಲಿ ತೀರಾ ಮಡಚಿದೆ, ಇಲ್ಲವೇ ಎಕ್ಸ್‌ಚೇಂಜ್‌ನಲ್ಲಿ ಬ್ಯಾಟರಿ ಮುಗಿದಿದೆ. ಹೊಸ ರೂಟರ್ ತಂದರೂ ಕೆಂಪೇ. ಅದೇ ರೀತಿ ದಪ್ಪ ಮಣ್ಣಿನ ಗೋಡೆಯ ಆಚೆ ಸಿಗ್ನಲ್ ಸಿಗದಿದ್ದರೆ 5 ಗಿಗಾಹರ್ಟ್ಸ್ ಬಿಟ್ಟು 2.4ಕ್ಕೆ ಬನ್ನಿ. ಮಳೆಗಾಲದಲ್ಲಿ ನೀರು ಕುಡಿದ ಗೋಡೆ ಸಿಗ್ನಲನ್ನು ಇನ್ನಷ್ಟು ನುಂಗುತ್ತದೆ.

ಮಿನಿ ಯುಪಿಎಸ್ ಈಗ ಊರೂರಿಗೆ ಬಂದಿದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಇಲ್ಲಿಯ ಮನೆಗಳಿಗೆ ಅತಿ ಉಪಯುಕ್ತ ಖರೀದಿ ಅದೇ. ಕರೆಂಟ್ ಹೋಗಿ ಬರುವ ಪೆಟ್ಟನ್ನು ರೂಟರಿನ ಬದಲು ತಾನು ತಿನ್ನುತ್ತದೆ. ಆದರೆ ಡಬ್ಬದ ಮೇಲಿನ ಅಂಕಿಗೆ ಮರುಳಾಗಬಾರದು. ‘10,000 ಎಂಎಎಚ್’ ಎಂದಿದ್ದರೆ ಅದು ಒಳಗಿನ 3.7 ವೋಲ್ಟಿನ ಸೆಲ್ಲಿನ ಲೆಕ್ಕ, ಅಂದರೆ 37 ವಾಟ್-ಗಂಟೆ. ಎಂಟು ವಾಟ್ ಎಳೆಯುವ ಪೆಟ್ಟಿಗೆಗೆ ಸೋರಿಕೆ ಕಳೆದು ನಾಲ್ಕು ಗಂಟೆ ಸಿಕ್ಕೀತು. ಆಗಸ್ಟ್ 2018ರಂಥ ಮಳೆ ಬಂದು ಕಂಬಗಳೇ ಗುಡ್ಡದ ಜೊತೆ ಜಾರಿಹೋದರೆ ಯಾವ ಯುಪಿಎಸ್ಸೂ ಸಾಲದು, ಎಕ್ಸ್‌ಚೇಂಜ್ ಕೂಡ ಉಳಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸತ್ತರೆ, ವಾರಂಟಿಯ ಮೇಲೆ ಹೆಚ್ಚು ಆಸೆ ಬೇಡ. ಸಿಡಿಲು ಮತ್ತು ಅತಿ ವೋಲ್ಟೇಜಿನ ಹಾನಿಯನ್ನು ಹೆಚ್ಚಿನ ವಾರಂಟಿಗಳು ಹೊರಗಿಡುತ್ತವೆ. ಪೆಟ್ಟಿಗೆ ಸಂಪರ್ಕ ಕೊಟ್ಟವರದಾದರೆ ಹಿಂದಿರುಗಿಸಬೇಕು, ಇಲ್ಲವಾದರೆ ಡಿಪಾಸಿಟ್ ಹೋಗುತ್ತದೆ. ಸ್ವಂತದ್ದಾದರೆ ಅಡಾಪ್ಟರನ್ನು ಬೇರೆ ತೆಗೆದಿಡಿ, ಅದು ಬದುಕಿರಬಹುದು. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಯ ಹೊಣೆ ತಯಾರಕರದು, ಆದ್ದರಿಂದ ಹಸಿ ಕಸದ ಜೊತೆ ತೋಟದ ಗುಂಡಿಗೆ ಎಸೆಯಬೇಡಿ. ಗುಜರಿಗೆ ಕೊಡುವುದಾದರೆ, ದೀಪ ಇನ್ನೂ ಹತ್ತುವ ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಒತ್ತಿಹಿಡಿಯಿರಿ. ಇಲ್ಲದಿದ್ದರೆ ನಿಮ್ಮ ವೈಫೈ ಪಾಸ್‌ವರ್ಡ್ ಅದರೊಳಗೆ ಇನ್ನೂ ಇರುತ್ತದೆ.